ನನ್ನ ಕಣ್ಣಿನ ವೈರಿಂಗು

ನನ್ನ ಕಣ್ಣಿನ ಬಗ್ಗೆ ನನಗೆ ಜಂಭವಿದೆ, ಒಪ್ಪಿಕೊಳ್ಳುತ್ತೇನೆ. ಮನುಷ್ಯನಿಗೆ ಏನಾದರೊಂದರ ಜಂಭ ಬೇಕು. ಓದಿದವರಿಗೆ ಗೋಡೆಗೆ ತೂಗುಹಾಕಲು ಸರ್ಟಿಫಿಕೇಟುಗಳಿರುತ್ತವೆ. ಏಳನೇ ಕ್ಲಾಸಿಗೇ ಪುಸ್ತಕ ಮಡಚಿ ಉಳಿ ಹಿಡಿದ ನನಗಿರುವುದು ಈ ಎರಡು ಕಣ್ಣು. ಒಂದನ್ನು ಮುಚ್ಚಿ ಹಲಗೆಯ ಅಂಚಿನುದ್ದಕ್ಕೂ ನೋಟ ಹಾಯಿಸಿದರೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಸಿಕ್ಕಿಬೀಳುತ್ತದೆ. ಯಲಹಂಕದಲ್ಲಿ ಮೂವತ್ತು ವರ್ಷ ಮರಗೆಲಸ ಮಾಡಿದ್ದೇನೆ. ಗಾಜಿನ ಕೊಳವೆಯಲ್ಲಿ ಗುಳ್ಳೆ ಓಡಾಡುವ ಆ ರಸಮಟ್ಟವನ್ನು ಚೀಲದಿಂದ ಹೊರಗೆ ತೆಗೆದವನಲ್ಲ.

ಈ ಜಂಭಕ್ಕೆ ತೂತು ಕೊರೆದವಳು ನನ್ನ ಮಗಳು ಕಾವ್ಯ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಭಾನುವಾರ ಬೆಳಿಗ್ಗೆ ಪಾಠವನ್ನು ಗಟ್ಟಿಯಾಗಿ ಒಪ್ಪಿಸಿಕೊಳ್ಳುತ್ತಿದ್ದಳು. ಮೊದಮೊದಲು ಜೀವಿಗಳಿಗೆ ಕಣ್ಣೇ ಇರಲಿಲ್ಲವಂತೆ. ಬೆಳಕು ಕತ್ತಲೆ ಗೊತ್ತಾಗುವ ಒಂದು ಮಚ್ಚೆ ಅಷ್ಟೇ. ಮಚ್ಚೆ ಗುಳಿಯಾಯಿತು, ಗುಳಿ ಆಳವಾಯಿತು, ಅದರ ಬಾಯಿ ಕಿರಿದಾಯಿತು, ಆಮೇಲೆ ಮಸೂರ ಬಂದು ಕೂತಿತು. ಕೋಟ್ಯಂತರ ವರ್ಷದ ಕುಸುರಿ. ನನಗೆ ಹೊಟ್ಟೆ ಉರಿಯಿತು. ನಮಗೆ ಗೃಹಪ್ರವೇಶದ ಹಿಂದಿನ ದಿನ ಮುಗಿದ ಮೇಲೆ ಒಂದು ಗಂಟೆ ಹೆಚ್ಚಿಗೆ ಕೊಡುವವರಿಲ್ಲ!

“ಆದ್ರೂ ನಮ್ ಕಣ್ಣಲ್ಲಿ ಒಂದ್ ಮಿಸ್ಟೇಕ್ ಇದೆ ಅಪ್ಪಾ,” ಎಂದಳು. “ನರಗಳೆಲ್ಲ ಕಣ್ಣೊಳಗೆ ಬೆಳಕು ಬೀಳೋ ಪರದೆ ಮುಂದೆ ಹಾದು, ಒಂದ್ ಕಡೆ ತೂತು ಮಾಡ್ಕೊಂಡು ಹಿಂದಕ್ಕೆ ಹೋಗ್ತವೆ. ಆ ಜಾಗದಲ್ಲಿ ಏನೂ ಕಾಣ್ಸಲ್ಲ. ಆಕ್ಟೋಪಸ್‌ಗೆ ನರ ಹಿಂದ್ಗಡೇನೇ ಇರುತ್ತೆ, ಅದಕ್ಕೆ ಆ ತೊಂದ್ರೆ ಇಲ್ಲ.”

“ಅಂದ್ರೆ ಅದಕ್ಕೆ ಕನ್ಸೀಲ್ಡ್ ವೈರಿಂಗು, ನಮಗೆ ಗೋಡೆ ಮೇಲೆ ಪಟ್ಟಿ ಹೊಡೆದಿದ್ದಾ? ಬೇರೆಯವರಿಗೆ ಇರಬಹುದಮ್ಮ. ನನ್ ಕಣ್ಣಲ್ಲಿಲ್ಲ.”

ಅವಳು ನನ್ನದೇ ಪೆನ್ಸಿಲಿನಿಂದ ಪ್ಲೈವುಡ್ ತುಂಡಿನ ಮೇಲೆ ಎಡಕ್ಕೊಂದು ಗುಣಿಸು ಗುರುತು, ಬಲಕ್ಕೊಂದು ಚುಕ್ಕಿ ಹಾಕಿದಳು. ಎಡಗಣ್ಣು ಮುಚ್ಚಿ, ಗುರುತನ್ನೇ ನೋಡುತ್ತ ತುಂಡನ್ನು ಹತ್ತಿರ ತಂದೆ. ಚುಕ್ಕಿ ಮಾಯ!

“ಎರಡೂ ಕಣ್ಣು ತೆರೆದಿದ್ರೆ ಒಂದರ ತೂತನ್ನ ಇನ್ನೊಂದು ಮುಚ್ಕೊಳ್ಳುತ್ತೆ. ಒಂದ್ ಕಣ್ಣಲ್ಲಿ ನೋಡಿದ್ರೇ ಎಡವಟ್ಟು.”

ನಾನು ಮೂವತ್ತು ವರ್ಷದಿಂದ ನೋಡಿದ್ದೇ ಒಂದು ಕಣ್ಣಲ್ಲಿ. ಎಷ್ಟು ಬಾಗಿಲುಗಳು ಆ ತೂತಿನಲ್ಲಿ ಬಿದ್ದುಹೋದವೋ!

ಮಾರನೆಯ ದಿನ ರಾಜಾನುಕುಂಟೆಯಲ್ಲಿ, ನಿವೃತ್ತ ಟೀಚರ್ ಸಾವಿತ್ರಮ್ಮನವರ ಹೊಸ ಮನೆಯ ದೇವರಕೋಣೆಗೆ ಬಾಗಿಲು ಕೂರಿಸಬೇಕಿತ್ತು. “ನಮ್ಮ ಆಚಾರ್ರಿಗೆ ಕಣ್ಣೇ ಮಟ್ಟ” ಎಂದು ನೆಂಟರಿಗೆಲ್ಲ ಹೇಳಿಕೊಂಡಿದ್ದರು. ಚೌಕಟ್ಟು ಕೂರಿಸಿ ನೋಡಿದೆ, ಸರಿಯಿದೆ ಅನ್ನಿಸಿತು. ಆದರೆ ಅನ್ನಿಸಿದ್ದು ಯಾವ ಕಣ್ಣಿಗೆ? ಅವರು ಅತ್ತ ತಿರುಗಿದ್ದೇ ತಡ, ರಸಮಟ್ಟ ಹೊರಗೆಳೆದೆ.

“ಏನ್ ಆಚಾರ್ರೇ, ಇವತ್ತು ಮಟ್ಟ ಇಟ್ಟಿದ್ದೀರಿ?”

“ಈ ಮಟ್ಟ ಸರಿಯಿದೆಯಾ ಅಂತ ನೋಡ್ತಿದ್ದೀನಿ ಮೇಡಂ.”

ಗುಳ್ಳೆ ಅತ್ತಿತ್ತ ತೇಲಿತು. ಕೊನೆಗೆ ಅದು ನಟ್ಟನಡುವೆ ಬಂದು ಕೂತಿತು. “ಪರವಾಗಿಲ್ಲ ಮೇಡಂ, ಮಟ್ಟ ಸರಿಯಾಗೇ ಇದೆ,” ಎಂದೆ.

ಮನೆಗೆ ಬಂದು ಕಾವ್ಯಳ ಮುಂದೆ ಮೆರೆಯುತ್ತಿದ್ದೆ. ಅಡಿಗೆಮನೆಯಿಂದ ನನ್ನ ಹೆಂಡತಿ ಗಿರಿಜಾ ಕೂಗಿದಳು: “ಏನ್ರೀ, ಈ ಕಪಾಟಿನ ಬಾಗಿಲು ತಾನಾಗೇ ತೆಕ್ಕೊಂಡು ನನ್ ತಲೆಗೆ ಬಡಿಯೋಕ್ ಶುರುಮಾಡಿ ಆರು ವರ್ಷ ಆಯ್ತು. ಇದು ಯಾವ್ ತೂತಿಗೆ ಬಿದ್ದಿದೆ?”

ಎಡಗಣ್ಣು ಮುಚ್ಚಿ ನೋಡಿದೆ. ಬಲಗಣ್ಣು ಮುಚ್ಚಿ ನೋಡಿದೆ. ಎರಡಕ್ಕೂ ಚೆನ್ನಾಗಿಯೇ ಕಾಣುತ್ತಿತ್ತು: ಒಂದು ಬೆರಳು ಸೊಟ್ಟ.

“ಆ ಆಕ್ಟೋಪಸ್‌ಗೆ ಎಂಟು ಕೈ ಕಣೇ. ನನಗಿರೋದು ಎರಡೇ.”

ಗಿರಿಜಾ ಸ್ಕ್ರೂಡ್ರೈವರ್ ತಂದು ನನ್ನ ಬಲಗೈಗಿಟ್ಟಳು. “ಒಂದೇ ಸಾಕು.”

ಎರಡೂ ಕಣ್ಣು ತೆರೆದುಕೊಂಡು ಬಾಗಿಲು ಬಿಚ್ಚತೊಡಗಿದೆ.