ಹಾಡು ಬಂದರೆ ಏಳುವವನು

ನನಗೊಂದು ಕೆಟ್ಟ ಚಾಳಿಯಿದೆ, ಹೇಳಿಕೊಳ್ಳಲು ನಾಚಿಕೆ. ಸಿನಿಮಾದಲ್ಲಿ ಹಾಡು ಶುರುವಾದರೆ ನನ್ನ ಕಾಲು ತಾನಾಗಿಯೇ ಏಳುತ್ತದೆ. ದಾವಣಗೆರೆಯ ಥಿಯೇಟರಿನಲ್ಲಿ ಹಾಡೆಂದರೆ ನಮಗೆ ಹೊರಗೆ ಹೋಗಿ ಮೆಣಸಿನಕಾಯಿ ಬಜ್ಜಿ ತಿಂದು ಬರಲು ಸಿಗುವ ಬಿಡುವು. ಸಿಡ್ನಿಯ ಎಪ್ಪಿಂಗ್‌ಗೆ ಬಂದು ಡಿವಿಡಿ ಪ್ಲೇಯರ್ ಕೊಂಡ ಮೇಲೆ ಏಳುವ ಕಷ್ಟವೂ ತಪ್ಪಿತು. ರಿಮೋಟ್ ಒತ್ತಿದರೆ ಹಾಡೇ ಓಡಿಹೋಗುತ್ತದೆ. ನನ್ನ ಹೆಂಡತಿ ಸುಧಾ ಇದರಲ್ಲಿ ನನಗಿಂತ ಒಂದು ಕೈ ಮೇಲು.

ನಮ್ಮ ಕೆಳಗಿನ ಫ್ಲ್ಯಾಟಿನ ಡೋರತಿ ಆಂಟಿ ಒಂದು ದಿನ ಹಳೆಯ ಹಾಲಿವುಡ್ ಚಿತ್ರವೊಂದರ ಡಿವಿಡಿ ಕೊಟ್ಟರು. ರಂಗದ ಮೇಲೆ ಹಾಡಿ, ಕುಣಿದು, ನಗಿಸಿ ಹೊಟ್ಟೆ ಹೊರೆದ ಒಬ್ಬ ಕಲಾವಿದನ ಕಥೆಯಂತೆ. ಅರ್ಧ ನಿಜ, ಅರ್ಧ ಕಟ್ಟಿದ್ದು. ತೀರಿಹೋದ ಅವರ ಗಂಡ ಫ್ರಾಂಕ್ ಕೂಡ ಮೆಲ್ಬರ್ನಿನಲ್ಲಿ ಅಂಥದೇ ಕಲಾವಿದರಾಗಿದ್ದರು. "ಫ್ರಾಂಕ್ ಹೇಗಿದ್ದ ಅಂತ ಇದನ್ನ ನೋಡಿದ್ರೆ ನಿಮಗೆ ಗೊತ್ತಾಗುತ್ತೆ" ಎಂದರು.

ಗೊತ್ತಾಗಲಿಲ್ಲ. "ರೀ, ಹಾಡು ಓಡ್ಸಿ, ಸ್ಟೋರಿ ನೋಡೋಣ" ಎಂದಳು ಸುಧಾ. ಓಡಿಸಿದೆ. ಒಂದು ಹಾಡು ಮುಗಿದರೆ ಇನ್ನೊಂದು. ಕುಕ್ಕರ್ ಕೂಗಿ ಮುಗಿಸುವಷ್ಟರಲ್ಲಿ ಸಿನಿಮಾವೂ ಮುಗಿದಿತ್ತು. ಮರುದಿನ ಆಂಟಿ ಮೆಟ್ಟಿಲ ಬಳಿ ನಿಲ್ಲಿಸಿ, ಯಾವ ಹಾಡು ಹಿಡಿಸಿತು ಎಂದು ಕೇಳಿದರು. "ಎಲ್ಲಾನೂ" ಎಂದುಬಿಟ್ಟೆ. ಅವರ ಮುಖ ಅರಳಿದ್ದು ಕಂಡು ನನಗೆ ನಿಂತಲ್ಲೇ ಭೂಮಿಗಿಳಿದು ಹೋಗುವಂತಾಯಿತು. ಫ್ರಾಂಕ್ ಹೋದ ಮೇಲೆ ಆ ಸಿನಿಮಾವನ್ನು ಜೊತೆಗೆ ಕೂತು ನೋಡುವವರೇ ಇಲ್ಲವಂತೆ. ಶನಿವಾರ ಇಬ್ಬರೂ ಬನ್ನಿ ಎಂದರು.

"ಇವತ್ತಾದ್ರೂ ಅಲುಗಾಡದೆ ಕೂತ್ಕೊಳ್ಳಿ, ಪಾಪ, ಆಂಟಿ ಬೇಜಾರು ಮಾಡ್ಕೋತಾರೆ" ಎಂದು ಸುಧಾ ಬಾಗಿಲಲ್ಲೇ ಎಚ್ಚರಿಸಿದಳು. ಆಂಟಿ ಲಿಪ್‌ಸ್ಟಿಕ್ ಹಚ್ಚಿಕೊಂಡು, ಸ್ಕೋನ್ ಎಂಬ ಪುಟ್ಟ ಬನ್ನು ಬೇಯಿಸಿ ಜಾಮ್ ಜೊತೆ ಇಟ್ಟು ಕಾಯುತ್ತಿದ್ದರು. ರಿಮೋಟ್ ಅವರ ಕೈಯಲ್ಲೇ ಇತ್ತು, ಸದ್ಯ. ಆದರೆ ಮೊದಲ ಹಾಡಿನ ಬ್ಯಾಂಡು ಕೇಳಿದ್ದೇ ತಡ, ನೋಡುತ್ತೇನೆ, ನಾನು ಎದ್ದು ನಿಂತಿದ್ದೇನೆ. ಸುಧಾ ಷರ್ಟು ಹಿಡಿದು ಜಗ್ಗಿದಳು. ಅಷ್ಟರಲ್ಲಿ ಆಂಟಿ ನೋಡಿಯಾಗಿತ್ತು. ಅವರ ಕಣ್ಣು ತುಂಬಿತ್ತು.

"ಫ್ರಾಂಕ್‌ಗೂ ಈ ಹಾಡು ಬಂದ್ರೆ ಕೂತಿರೋಕೆ ಆಗ್ತಿರ್ಲಿಲ್ಲ" ಎನ್ನುತ್ತ ಬಳಿ ಬಂದು ಕೈ ಚಾಚಿದರು.

ಹಾಡು ತಪ್ಪಿಸಿಕೊಳ್ಳಲು ಎದ್ದಿದ್ದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಕುಣಿದೆ. ಆಂಟಿಯ ಕಾಲು ತುಳಿದೆ, ಟೀಪಾಯಿಗೆ ಡಿಕ್ಕಿ ಹೊಡೆದೆ. ಸುಧಾ ಸ್ಕೋನ್ ತಟ್ಟೆ ಹಿಡಿದು ತಲೆ ತಗ್ಗಿಸಿ ಕೂತಿದ್ದಳು; ನಗುತ್ತಿದ್ದಳೋ, ನಾಚುತ್ತಿದ್ದಳೋ ತಿಳಿಯಲಿಲ್ಲ. ಅಂತೂ ಹಾಡು ಮುಗಿಯಿತು. ಬದುಕಿದೆ ಎಂದುಕೊಂಡು ಕೂರಲು ಹೋದೆ. ಆಂಟಿ ರಿಮೋಟ್ ಎತ್ತಿಕೊಂಡು ಅದೇ ಹಾಡನ್ನು ಹಿಂದಕ್ಕೆ ಓಡಿಸಿದರು.