ಅಜ್ಜನ ಕ್ರಿಸ್‌ಮಸ್ ಹಾಡು ಮತ್ತು ನನ್ನ ಚೌಡಿ ಆಣೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿ ರಾಕ್ ಸಂಗೀತದ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲ ಮನುಷ್ಯ ಒಬ್ಬನೇ ಇದ್ದ. ಅದು ನಾನು. ಹಾಗೆಂದು ಬಹುಕಾಲ ನಂಬಿದ್ದೆ. ಈ ನಂಬಿಕೆಗೆ ಯಾರಿಂದಲೂ ವಿರೋಧ ಬಂದಿರಲಿಲ್ಲ. ಉಳಿದವರಿಗೆ ಅಂಥದ್ದೊಂದು ಸಂಗೀತ ಇದೆಯೆಂದೇ ಗೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದು ಪಂಪ್‌ಸೆಟ್ ಮೋಟರು ರಿಪೇರಿಯ ಅಂಗಡಿ. ಸುಟ್ಟ ಮೋಟರಿನ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತುವ ಕೆಲಸ. ಕೈಗೆ ಬಿಡುವಿಲ್ಲ, ಕಿವಿಗೆ ಪೂರಾ ರಜೆ. ಈ ಕಥೆ ನಡೆಯುವುದಕ್ಕೆ ಇಪ್ಪತ್ತು ವರ್ಷ ಮೊದಲು ಒಬ್ಬ ಎಸ್ಟೇಟ್ ಮ್ಯಾನೇಜರು ಅಂಗಡಿಯಲ್ಲಿ ಮರೆತು ಹೋದ ಕ್ಯಾಸೆಟ್ಟಿನಿಂದ ಒಬ್ಬ ವಿದೇಶಿ ಗಾಯಕ ಈ ಕಿವಿಯೊಳಗೆ ಹೊಕ್ಕ. ಹೊಕ್ಕವನು ಮತ್ತೆ ಹೊರಗೆ ಹೋಗಲಿಲ್ಲ.

ಜಲ್ಲಿ ರಸ್ತೆಯ ಮೇಲೆ ಡ್ರಮ್ಮು ಉರುಳಿಸಿದಂಥ ದನಿ ಅವನದು. ವೇದಿಕೆಯ ಮೇಲೆ ಗಿಟಾರು ಒಡೆದವನು. ಸರ್ಕಾರ, ಪೊಲೀಸು, ಪಾದ್ರಿಗಳು, ಸ್ವಂತ ಅಪ್ಪ, ಯಾರನ್ನೂ ಬಿಡದೆ ಬೈದು ಹಾಡಿದವನು. ನನಗೆ ನಾಲ್ಕು ಪದಕ್ಕೆ ಒಂದು ಅರ್ಥವಾಗುತ್ತಿತ್ತು. ಸಿಟ್ಟು ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು! ಮೊದಮೊದಲು ನಾವು ಅವನನ್ನು ಅಣ್ಣ ಎನ್ನುತ್ತಿದ್ದೆವು. ಕ್ಯಾಸೆಟ್ಟಿನ ಪಟದಲ್ಲಿ ತಲೆ ನೆರೆತ ಮೇಲೆ ಅಜ್ಜ ಎಂದೆವು.

ನಾವು ಎಂದರೆ ಮೂರು ತಾಲ್ಲೂಕುಗಳ ಸಂಯುಕ್ತ ಅಭಿಮಾನಿ ಸಂಘ. ಅಧ್ಯಕ್ಷ ನಾನು. ಕಾರ್ಯದರ್ಶಿ ಶೃಂಗೇರಿಯ ಶ್ರೀಧರ, ಮೂರೂ ಊರು ಮುಟ್ಟುವ ಬಸ್ಸಿನ ಕಂಡಕ್ಟರು. ಸದಸ್ಯ ವರ್ಗೀಸ್, ಎನ್.ಆರ್.ಪುರದಲ್ಲಿ ಬೇಕರಿ ಇಟ್ಟವನು. ಸದಸ್ಯರ ಪಟ್ಟಿ ಇಲ್ಲಿಗೆ ಮುಗಿಯಿತು.

ಸಿ.ಡಿ. ಬಂದು ಕ್ಯಾಸೆಟ್ಟು ಇನ್ನೂ ಹೋಗದಿದ್ದ ಕಾಲ ಅದು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿರಬೇಕು. ನವೆಂಬರಿನ ಒಂದು ಬೆಳಿಗ್ಗೆ ವರ್ಗೀಸ್ ಅಂಗಡಿಗೆ ಬಂದ. ಮುಖ ಅರಳಿತ್ತು. ವಿದೇಶದಲ್ಲಿ ನರ್ಸ್ ಆಗಿರುವ ಅವನ ತಂಗಿ ಫೋನ್ ಮಾಡಿದ್ದಳಂತೆ.

"ಅಜ್ಜ ನಮ್ಮ ಹಬ್ಬದ ಹಾಡು ಹಾಡಿದ್ದಾನಂತೆ ಮಾರಾಯ. ಒಂದಲ್ಲ, ಎರಡಲ್ಲ, ಪೂರಾ ಒಂದು ಆಲ್ಬಂ. ಕ್ರಿಸ್‌ಮಸ್‌ದು."

ನನ್ನ ಕೈಯ ತಂತಿ ಜಾರಿತು. ಪಾದ್ರಿಗಳನ್ನು ಬೈದವನು ಪಾದ್ರಿಗಳ ಹಾಡು ಹಾಡುವುದೇ? ಇದು ಆಗದವರು ಹಬ್ಬಿಸಿದ ಸುಳ್ಳು ಎಂದು ಆ ಕ್ಷಣವೇ ತೀರ್ಮಾನಿಸಿದೆ. ಕೊಪ್ಪದಲ್ಲಿ ಅವನಿಗೆ ಆಗದವರು ಯಾರಿದ್ದರು ಎಂದು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ. ಸಂಘದ ತುರ್ತು ಸಭೆ ಕರೆದೆ. ಶ್ರೀಧರನ ಬಸ್ಸು ಕೊಪ್ಪದಲ್ಲಿ ಹತ್ತು ನಿಮಿಷ ನಿಲ್ಲುವುದರಿಂದ ಸಭೆಯ ಅವಧಿಯೂ ಹತ್ತೇ ನಿಮಿಷ. ಸ್ಥಳ, ಬಸ್ ಸ್ಟ್ಯಾಂಡಿನ ಹೋಟೆಲು.

ಶ್ರೀಧರ ಚಹಾ ಕುಡಿಯುತ್ತಾ, ಹಾಡಿದ್ದರೂ ಹಾಡಿರಬಹುದು, ವಯಸ್ಸಾಯಿತಲ್ಲ ಎಂದ. ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತೆ. ಹೋಟೆಲಿನ ಯಜಮಾನರು, ಬಸ್ಸಿಗೆ ಕಾದವರು, ಬನ್ಸು ತಿನ್ನುತ್ತಿದ್ದವರು ಎಲ್ಲರೂ ಕೇಳುವ ಹಾಗೆ ಹೇಳಿದೆ:

"ಅಂವ ಆ ಹಾಡು ಹಾಡಿದ್ದು ಹೌದಾದ್ರೆ, ನಮ್ಮೂರ ಚೌಡಿ ಆಣೆ, ಇನ್ನು ಅವನ ದನಿ ನನ್ನ ಕಿವಿಗೆ ಬೀಳೂದಿಲ್ಲ."

ನಮ್ಮ ಕಡೆ ಸಿಟ್ಟಿನಲ್ಲಿ ಏನು ಬೇಕಾದರೂ ಅನ್ನಬಹುದು, ಮರುದಿನ ಮರೆಯಬಹುದು. ಚೌಡಿಯ ಹೆಸರೆತ್ತಿ ಆಣೆ ಹಾಕಿದರೆ ಮುಗಿಯಿತು. ಊರು ಕಾಯುವ ದೇವತೆ ಅವಳು, ಮರೆವು ಅವಳ ಸ್ವಭಾವದಲ್ಲಿಲ್ಲ. ಶ್ರೀಧರ ಅರ್ಧ ಚಹಾ ಬಿಟ್ಟು ವಿಸಿಲ್ ಊದಿದ. ಸಭೆ ಮುಕ್ತಾಯವಾಯಿತು.

ಮೂರು ವಾರದ ನಂತರ ತಂಗಿ ಕಳಿಸಿದ ಸಿ.ಡಿ. ಎನ್.ಆರ್.ಪುರಕ್ಕೆ ಬಂತು. ಶ್ರೀಧರ ಅದರ ಖಾಲಿ ಡಬ್ಬಿಯನ್ನಷ್ಟೇ ಸಾಕ್ಷಿಗೆಂದು ತಂದು ತೋರಿಸಿದ. ಅಜ್ಜನೇ! ಕೆಂಪು ಕುಲಾವಿ ಹಾಕಿಕೊಂಡು, ಕೈಯಲ್ಲಿ ಒಂದು ಗಂಟೆ ಹಿಡಿದು, ಮೊಮ್ಮಗುವಿನ ನಾಮಕರಣಕ್ಕೆ ಹೊರಟವನ ಹಾಗೆ ನಗುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನ ಹಲ್ಲು ನೋಡಿದ್ದು ಅದೇ ಮೊದಲು.

"ಕೇಳಿದ್ಯಾ?" ಎಂದೆ.

"ಕೇಳ್ದೆ," ಎಂದ ಶ್ರೀಧರ. ಅವನ ಕಣ್ಣು ತುಂಬಿತ್ತು. ದಿನಕ್ಕೆ ಮುನ್ನೂರು ಜನರ ಹತ್ತಿರ ಜಗಳವಾಡುವ ಕಂಡಕ್ಟರು!

ಅಲ್ಲಿಂದ ನನ್ನ ವನವಾಸ ಶುರುವಾಯಿತು. ಆಣೆಯಲ್ಲಿ ನಾನು ಹೊಸ ಹಾಡು ಎಂದಿರಲಿಲ್ಲ, ಅವನ ದನಿ ಎಂದಿದ್ದೆ. ಹಾಗಾಗಿ ನನ್ನ ಹದಿನಾರು ಹಳೆಯ ಕ್ಯಾಸೆಟ್ಟುಗಳೂ ನಿಷಿದ್ಧವಾದವು. ಅವುಗಳನ್ನು ಹೆಂಡತಿ ಸುಮಿತ್ರಳ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಮದುವೆಯಾದ ಮೇಲೆ ಮೊದಲ ಸಲ ಕೇಳಿಸುತ್ತಿದೆ ಎಂದು ಅವಳು ಒಂದೆರಡು ದಿನ ಸಂತೋಷಪಟ್ಟಳು. ಮೂರನೆಯ ದಿನದಿಂದ ನಾನು ಮಾತುಮಾತಿಗೆ ಸಿಡುಕತೊಡಗಿದೆ. ಆ ಅಜ್ಜನ ಬೊಬ್ಬೆಯೇ ವಾಸಿಯಿತ್ತು ಎಂದಳು.

ಕೆಲಸವೂ ಕೆಟ್ಟಿತು. ಹಾಡಿಲ್ಲದೆ ಸುತ್ತಿನ ಲೆಕ್ಕ ತಪ್ಪುತ್ತಿತ್ತು. ಸೀತೂರಿನ ರೈತರೊಬ್ಬರು ರಿಪೇರಿಯಾದ ಮೋಟರು ಒಯ್ದವರು ಮಾರನೇ ದಿನವೇ ಹೊತ್ತು ತಂದರು. ಮೋಟರು ಚೆನ್ನಾಗಿ ಶಬ್ದ ಮಾಡುತ್ತದೆ, ನೀರು ಮಾತ್ರ ಎತ್ತುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ತಿಳಿಸಿದರು. ಆ ಮೋಟರಿಗೂ ನನಗೂ ವ್ಯತ್ಯಾಸ ಉಳಿದಿರಲಿಲ್ಲ.

ಕೊನೆಗೆ ತಡೆಯಲಾರದೆ ಒಂದು ಉಪಾಯ ಹೂಡಿದೆ. ಕೇಳಬಾರದು ಎಂದು ಆಣೆ, ನೋಡಬಾರದು ಎಂದಲ್ಲವಲ್ಲ! ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಮಫ್ಲರು ಬಿಗಿದು, ಎನ್.ಆರ್.ಪುರಕ್ಕೆ ಹೋಗಿ ವರ್ಗೀಸನ ಬೇಕರಿಯ ಎದುರುಬದಿಯಲ್ಲಿ ನಿಂತೆ. ಒಳಗೆ ಸಿ.ಡಿ. ಓಡುತ್ತಿದೆ ಎಂದು ವರ್ಗೀಸ್ ಕೈಸನ್ನೆ ಮಾಡಿದ.

ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ರಸ್ಕು ಕೊಳ್ಳಲು ಬಂದ ಮುದುಕಿಯೊಬ್ಬಳು ಪೊಟ್ಟಣ ಕೈಯಲ್ಲಿ ಹಿಡಿದು ಹಾಗೆಯೇ ನಿಂತುಬಿಟ್ಟಳು. ಅವಳ ಹಿಂದೆ ಹಮಾಲಿ ಕೆಲಸದವನು ತಲೆಯ ಮೂಟೆ ಇಳಿಸದೆ ನಿಂತ. ಹಾಡು ಮುಗಿಯುವವರೆಗೆ ಯಾರೂ ಅಲುಗಾಡಲಿಲ್ಲ. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಒಬ್ಬರಿಗೂ ಆ ಭಾಷೆ ಬಾರದು. ಇಪ್ಪತ್ತು ವರ್ಷ ಆ ದನಿಯನ್ನು ಪೂಜಿಸಿದ ನಾನು ಕಿವಿಗೆ ಹತ್ತಿ ಇಟ್ಟುಕೊಂಡು, ಅದು ಬೇರೆಯವರ ಮುಖದ ಮೇಲೆ ಏನು ಮಾಡುತ್ತದೆ ಎಂದು ರಸ್ತೆಯಾಚೆಯಿಂದ ನೋಡುತ್ತಿದ್ದೆ. ನನಗೆ ಅಳು ಬಂತು. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆಯೇ ಶ್ರೀಧರ ಕೊಪ್ಪ, ಕೊಪ್ಪ ಎಂದು ಕೂಗಿ, ನನ್ನನ್ನು ಬಿಟ್ಟು, ಬಸ್ಸು ಹೊರಡಿಸಿಕೊಂಡು ಹೋದನಂತೆ. ಕೇಳಿಸಿದರೆ ತಾನೇ!

ಮನೆಗೆ ಬಂದಾಗ ಸುಮಿತ್ರ ಕಿವಿಯ ಹತ್ತಿ ತಾನೇ ಎಳೆದು ತೆಗೆದಳು.

"ಪುಟ್ಟಯ್ಯನ ಹತ್ರ ಹೋಗಿ ತಪ್ಪುಕಾಣಿಕೆ ಹಾಕಿ ಬನ್ನಿ. ಆಣೆ ಬಿಡಿಸಿಕೊಂಡವ್ರು ಊರಲ್ಲಿ ನೀವೇ ಮೊದಲೇನಲ್ಲ."

ಪುಟ್ಟಯ್ಯ ನಮ್ಮೂರು ಭಂಡಿಗಡಿಯ ಚೌಡಿಯ ಪೂಜಾರಿ. ವಾರವಿಡೀ ತೋಟದ ಕೂಲಿ, ಭಾನುವಾರ ಪೂಜೆ. ಕಾಯಿ, ಬಾಳೆಹಣ್ಣು ಹಿಡಿದು ಹೋದೆ. ಜಾಗದ ತಂಟೆಯಾ, ಮಾತಿನ ತಂಟೆಯಾ ಎಂದು ಅವನು ವಿಚಾರಿಸಿದ. ಎರಡೂ ಅಲ್ಲ ಎಂದೆ. ಹಾಗಾದರೆ ಎದುರು ಪಾರ್ಟಿ ಯಾರು, ಯಾವ ಊರು ಎಂದ. ವಿದೇಶ ಎಂದೆ. ಅವರಿಗೆ ವಿಷಯ ಗೊತ್ತಿದೆಯೋ ಎಂದ. ಇಲ್ಲವೆಂದು ಒಪ್ಪಿಕೊಂಡು, ಹೋಟೆಲಿನ ಸಭೆಯಿಂದ ಕೆಂಪು ಕುಲಾವಿಯವರೆಗೆ ಎಲ್ಲವನ್ನೂ ನಿವೇದಿಸಿದೆ. ಪುಟ್ಟಯ್ಯ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ.

"ಒಬ್ಬ ಮುದುಕ ಅವನ ದೇವ್ರ ಹಾಡು ಹಾಡಿದ. ಅದಕ್ಕೆ ನೀವು ನಮ್ಮ ದೇವ್ರ ಆಣೆ ಹಾಕಿದ್ರಿ. ಎಂತ ಮಾರಾಯ್ರೆ ನೀವು?"

ಕಾಯಿ, ಬಾಳೆಹಣ್ಣನ್ನು ಅವನ ಮುಂದೆ ಸರಿಸಿದೆ.

ಅವನು ಚೌಡಿಯ ಕಲ್ಲಿಗೆ ನೀರು ಹಾಕಿ, ಎರಡೂ ಬದಿಗೆ ಹೂ ಅಂಟಿಸಿ, ಪ್ರಸಾದ ಕೇಳಿದ. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ. ಕಾಲು ಗಂಟೆ ಕಾದೆವು. ಎಡಗಡೆಯದು ಬಿತ್ತು. ಪುಟ್ಟಯ್ಯ ನನ್ನ ಬಾಳೆಹಣ್ಣನ್ನು ನೋಡಿದ. ಇದನ್ನು ಎಲ್ಲರೂ ತರುತ್ತಾರೆ, ಯಾವುದರಿಂದ ತಪ್ಪಾಯಿತೋ ಅದನ್ನೇ ತಂದು ಒಪ್ಪಿಸಬೇಕು ಎಂದ.

ಎಂದರೆ ಸಿ.ಡಿ.ಯನ್ನೇ. ಮೂರು ತಾಲ್ಲೂಕಿಗೆ ಇದ್ದದ್ದು ಅದೊಂದೇ. ತಂಗಿ ಇನ್ನೊಂದು ಕಳಿಸುವುದು ಯಾವ ಕಾಲಕ್ಕೋ, ಇಲ್ಲಿಯ ಅಂಗಡಿಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ. ವರ್ಗೀಸನ ಹತ್ತಿರ ಹೇಗೆ ಕೇಳುವುದು? ಅದೂ ಅವನ ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ? ಹಬ್ಬದ ಹಾಡನ್ನು ಸುಳ್ಳು ಎಂದವನು ಯಾವ ಮುಖ ಹೊತ್ತು ಹೋಗುವುದು? ನಾನು ಹೋಗಲಿಲ್ಲ. ಶ್ರೀಧರ ಸುದ್ದಿ ಮುಟ್ಟಿಸಿದ. ಮರುದಿನ ವರ್ಗೀಸ್ ಕೇಕು ಖರ್ಚಾಗುವ ವಾರದಲ್ಲೇ ಬೇಕರಿ ಬಾಗಿಲು ಹಾಕಿ ತಾನೇ ಬಂದ.

"ನಾವು ಐವತ್ತು ಸಲ ಕೇಳಿ ಆಯ್ತು. ಅಧ್ಯಕ್ಷನೇ ಕೇಳದಿದ್ರೆ ಸಂಘ ಎಂತಕ್ಕೆ?" ಎಂದು ಸಿ.ಡಿ.ಯನ್ನು ನನ್ನ ಕೈಗಿಟ್ಟ. ಅವನ ಮುಂದೆ ನಾನು ಬಹಳ ಚಿಕ್ಕವನಾದೆ. ಅದನ್ನು ಅವನಿಗೆ ಹೇಳಿದೆ ಕೂಡ. ಅವನು ಪ್ರತಿಭಟಿಸಲಿಲ್ಲ.

ಚೌಡಿಯ ಮುಂದೆ ಬಾಳೆಯೆಲೆಯ ಮೇಲೆ ಅಜ್ಜ ಕೆಂಪು ಕುಲಾವಿಯಲ್ಲಿ ನಗುತ್ತಾ ಕೂತ. ಪುಟ್ಟಯ್ಯ ಅವನ ಹಣೆಗೂ ಕುಂಕುಮ ಇಟ್ಟ. ವರ್ಗೀಸ್ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ. ಈ ಸಲ ಕಾಯುವುದೇ ಬೇಕಾಗಲಿಲ್ಲ. ಪುಟ್ಟಯ್ಯ ಕೇಳುವ ಮೊದಲೇ ಬಲಗಡೆಯ ಹೂ ಟಪ್ಪೆಂದು ಬಿತ್ತು. ಅಡ್ಡಬಿದ್ದೆ. ಎದ್ದವನೇ ಸಿ.ಡಿ.ಗೆ ಕೈ ಚಾಚಿದೆ.

ಪುಟ್ಟಯ್ಯ ಅದನ್ನು ಕಾಯಿಯ ಜೊತೆ ತನ್ನ ಟವೆಲಿಗೆ ಕಟ್ಟುತ್ತಿದ್ದ.

"ಒಪ್ಪಿಸಿದ್ದು ವಾಪಸ್ ಹೋಗೋ ಕ್ರಮ ಇಲ್ಲ," ಎಂದ.

ಹೀಗೆ ಅಜ್ಜನ ದನಿ ಕೇಳುವ ಹಕ್ಕು ನನಗೆ ಶಾಸ್ತ್ರೋಕ್ತವಾಗಿ ಮರಳಿತು, ದನಿ ಮಾತ್ರ ಪುಟ್ಟಯ್ಯನ ಮನೆಗೆ ಹೋಯಿತು! ಅವನ ಮಗಳ ಮದುವೆಗೆಂದು ತಂದ ಒಂದು ಪ್ಲೇಯರು ಅಲ್ಲಿತ್ತು. ಕ್ರಿಸ್‌ಮಸ್ಸಿನ ಸಂಜೆ ನಾವು ಮೂವರೂ ಅವನ ಜಗಲಿಯಲ್ಲಿ ಕೂತೆವು. ಸುಮಿತ್ರಳೂ ಬಂದಳು. ವರ್ಗೀಸ್ ಕೇಕು ತಂದಿದ್ದ.

ಗಿಟಾರು ಇಲ್ಲ, ಡ್ರಮ್ಮಿಲ್ಲ. ಒಂದು ಪಿಯಾನೊ, ಅದರ ಪಕ್ಕದಲ್ಲಿ ಅಜ್ಜ. ದನಿ ಒಡೆದಿತ್ತು, ನಡುಗುತ್ತಿತ್ತು, ಮೇಲಿನ ಸ್ವರ ಸಿಗದಿದ್ದಲ್ಲಿ ನಾಚಿಕೆಯಿಲ್ಲದೆ ಕೆಳಗೆ ಇಳಿಯುತ್ತಿತ್ತು. ಯಾವುದೋ ಕೊಟ್ಟಿಗೆಯಲ್ಲಿ ಮಲಗಿದ ಕೂಸನ್ನು ಎಬ್ಬಿಸಬಾರದು ಎನ್ನುವ ಹಾಗೆ ಹಾಡುತ್ತಿದ್ದ. ಇಪ್ಪತ್ತು ವರ್ಷ ಅವನ ಕೂಗು ಕೇಳಿದ್ದೆ. ಅವನು ಹತ್ತಿರ ಬಂದು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. ಇಷ್ಟು ದೊಡ್ಡವನು ಇಷ್ಟು ಸಣ್ಣ ದನಿಯಲ್ಲಿ ಹಾಡಲು ಎಷ್ಟು ಧೈರ್ಯ ಬೇಕು ಎಂದು ಬೆರಗಾದೆ. ಇದರ ಮೇಲೆ ಆಣೆ ಹಾಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹಾಡು ನಿಂತಾಗ ಅಧ್ಯಕ್ಷನಾಗಿ ನಾಲ್ಕು ಮಾತು ವಿವರಿಸುವುದು ನನ್ನ ಕರ್ತವ್ಯವೆನಿಸಿತು. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಪುಟ್ಟಯ್ಯ ಕೇಳಿದ:

"ಈ ಅಜ್ಜ ಪ್ರಾಯದಲ್ಲಿ ಭಾರಿ ಸಿಟ್ಟಿನವ ಇದ್ನಾ?"

ಹೌದೆಂದೆ. ನಿನಗೆ ಹೇಗೆ ಗೊತ್ತಾಯಿತು ಎಂದೆ.

"ಕೇಳಿದ್ರೆ ಗೊತ್ತಾಗ್ತದಲ. ಸಿಟ್ಟು ಪೂರಾ ಖರ್ಚಾದ ಮೇಲೆ ಉಳಿದ ದನಿ ಇದು."

ಒಂದೇ ಹಾಡು ಕೇಳಿದವನು! ಇಂಗ್ಲಿಷಿನ ಒಂದು ಅಕ್ಷರ ಬಾರದವನು! ಶ್ರೀಧರ ಮತ್ತು ವರ್ಗೀಸ್ ಮುಖ ಮುಖ ನೋಡಿಕೊಂಡರು. ಆ ನೋಟದ ಅರ್ಥ ನನಗೆ ಆಗಲೇ ಆಗಿಹೋಗಿತ್ತು.

ಹೊಸ ವರ್ಷದ ಸಭೆ ಅದೇ ಜಗಲಿಯಲ್ಲಿ ಸೇರಿ ಪುಟ್ಟಯ್ಯನನ್ನು ಅವಿರೋಧವಾಗಿ ಅಧ್ಯಕ್ಷನನ್ನಾಗಿ ಆರಿಸಿತು. ಸೂಚಿಸಿದವನು ವರ್ಗೀಸ್, ಅನುಮೋದಿಸಿದವನು ನಾನೇ. ನನ್ನ ಹದಿನಾರು ಕ್ಯಾಸೆಟ್ಟುಗಳನ್ನು ಹೊಸ ಅಧ್ಯಕ್ಷರು ಪರಿಶೀಲನೆಗೆಂದು ತರಿಸಿಕೊಂಡರು. ನಾನೀಗ ಸಂಘದ ಸಾಮಾನ್ಯ ಸದಸ್ಯ. ಹಾಡು ನಡೆಯುವಾಗ ವಿವರಣೆ ಕೊಡಲು ಹೋದದ್ದಕ್ಕೆ ಈಗಾಗಲೇ ಎರಡು ಸಲ ಎಚ್ಚರಿಕೆಯಾಗಿದೆ.