ಕೊಡಗಳ ಸಾಲಿನ ಏಕೈಕ ತಜ್ಞ

೧೯೭೨ರಲ್ಲಿ ಮುಂಬಯಿಯ ಪರೇಲಿನ ಒಂದು ಸಂಜೆ ಕಾಲೇಜಿನಲ್ಲಿ ಬಸವಂತರಾಯರು ಆರನೇ ವರ್ಷವೂ ಸಮಾಜಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕರಾಗಿದ್ದರು. ಕಾಲೇಜಿನ ಸಂಶೋಧನ ಪತ್ರಿಕೆಯಲ್ಲಿ ಒಂದು ಪ್ರಬಂಧ ಅಚ್ಚಾದವರನ್ನು ಮಾತ್ರ ಖಾಯಂ ಮಾಡತಕ್ಕದ್ದು ಎಂಬುದು ನಿಯಮ. ಆರು ವರ್ಷದೊಳಗೆ ಅಚ್ಚಾಗದಿದ್ದರೆ ಮಾರ್ಚ್ ಮೂವತ್ತೊಂದಕ್ಕೆ ಮನೆಗೆ.

ವಿಷಯ ಹುಡುಕಿಕೊಂಡು ಅವರು ದೂರ ಹೋಗಲಿಲ್ಲ. ಭಾಂಡುಪಿನ ತಮ್ಮ ಚಾಳಿನ ನಲ್ಲಿಯ ಮುಂದೆಯೇ ಎರಡು ವರ್ಷ ನಿಂತು, ಕೊಡಗಳ ಸಾಲಿನ ಬಗ್ಗೆ ನಲವತ್ತು ಪುಟ ಬರೆದರು. ಅಲ್ಲಿ ಕೊಡ ಇಟ್ಟರೆ ಮನುಷ್ಯ ನಿಂತಂತೆ. ನೀರು ಹಿಡಿಯುವ ಮೊದಲೇ ಕೊಡ ಎತ್ತಿದವರು ಮತ್ತೆ ಸಾಲಿನ ಬಾಲಕ್ಕೆ ಹೋಗಬೇಕು. ಈ ಕಾನೂನನ್ನು ಚಾಳಿನಲ್ಲಿ ಯಾರೂ ಮುರಿದದ್ದಿಲ್ಲ.

ಪ್ರಬಂಧದ ವಿಮರ್ಶಕರು ಅದೇ ವಿಷಯವನ್ನು ಕನಿಷ್ಠ ಎರಡು ವರ್ಷ ಅಭ್ಯಾಸ ಮಾಡಿದವರಾಗಿರಬೇಕೆಂದು ಇನ್ನೊಂದು ನಿಯಮ. ಸಂಪಾದಕ ಮಂಡಳಿ ಮುಂಬಯಿಯನ್ನೆಲ್ಲ ಜಾಲಾಡಿದಾಗ ಅಂಥ ತಜ್ಞರು ಒಬ್ಬರೇ ಸಿಕ್ಕಿದರು. ಹೀಗಾಗಿ ಲೇಖಕರ ಹೆಸರಿಗೆ ಮಸಿ ಬಳಿದ ಪ್ರಬಂಧ ಗೋಪ್ಯ ಲಕೋಟೆಯಲ್ಲಿ ಬಸವಂತರಾಯರಿಗೇ ಬಂತು. ಮೂರನೇ ಪುಟದಲ್ಲಿ ಹೆಂಡತಿ ಲಕ್ಷ್ಮವ್ವ ಇಟ್ಟಿದ್ದ ಚಹಾ ಲೋಟದ ಗುರುತು ಹಾಗೇ ಇತ್ತು.

ಅವರು ಗುಮಾಸ್ತ ಪೂವಪ್ಪನ ಬಳಿ ಓಡಿದರು. "ಪೂವಪ್ಪ, ಇದು ನಂದ ಐತಿ!"

ಪೂವಪ್ಪ ಕಿವಿ ಮುಚ್ಚಿಕೊಂಡ. "ಹಾಗೆಲ್ಲ ಹೇಳ್ಬಾರ್ದು ಸರ್. ಬರೆದವರು ಯಾರಂತ ವಿಮರ್ಶಕರಿಗೆ ಗೊತ್ತಿರ್ಬಾರ್ದು. ಗೊತ್ತುಂಟು ಅಂದ್ರೆ ನೀವು ಕ್ಯಾನ್ಸಲ್. ಬೇರೆ ತಜ್ಞರಿಲ್ಲ, ಮತ್ತೆ ಪ್ರಬಂಧವೂ ಕ್ಯಾನ್ಸಲ್."

"ಹಂಗಾದ್ರ ನನಗ ಗೊತ್ತಿಲ್ಲ."

"ಅದು ಸರಿ. ಕಡಿಮೆಯಂದ್ರೂ ಮೂರು ತಪ್ಪು ತೋರಿಸಿ ಸರ್. ತಪ್ಪಿಲ್ಲದ ವರದಿ ಆಫೀಸಲ್ಲಿ ತಕೊಳ್ಳುದಿಲ್ಲ."

ಮೂರು ಹುಡುಕಲು ಕೂತವರಿಗೆ ಹದಿನಾಲ್ಕು ಸಿಕ್ಕವು. ಲೇಖಕರು ಒಮ್ಮೆಯೂ ಸ್ವತಃ ಕೊಡ ಹೊತ್ತಂತೆ ಕಾಣುವುದಿಲ್ಲ ಎಂದು ಬರೆದರು. ಅದು ನಿಜವೇ, ಹೊತ್ತವಳು ಲಕ್ಷ್ಮವ್ವ. ಕೊನೆಯ ಷರಾ ಬರೆಯುವಾಗ ಲೇಖಕನ ಹೆಂಡತಿ ಮಕ್ಕಳು ನೆನಪಾಗಿ ಪೆನ್ನು ಕೆಳಗಿಟ್ಟರು. ಆದರೆ ಲೇಖಕ ಯಾರೆಂದು ತಮಗೆ ಗೊತ್ತಿರಬಾರದಲ್ಲ! "ಪ್ರಕಟಣೆಗೆ ಯೋಗ್ಯವಲ್ಲ" ಎಂದು ಬರೆದು ಸಹಿ ಹಾಕಿದರು.

ವಾರದ ನಂತರ ಆ ವರದಿ, ವಿಮರ್ಶಕರ ಸಹಿಗೆ ಮಸಿ ಬಳಿಸಿಕೊಂಡು, ಅವರ ಕೈಗೇ ಬಂತು. ಯಾವನೋ ಹೊಟ್ಟೆಕಿಚ್ಚಿನವನ ಕೆಲಸ ಇದು ಎಂದು ಅವರು ಲಕ್ಷ್ಮವ್ವನ ಮುಂದೆ ಕೂಗಾಡಿದರು. ಆ ದಿನ ಊಟ ಮಾಡಲಿಲ್ಲ.

ಮಾರ್ಚ್ ಮೂವತ್ತೊಂದರಂದು ಎರಡು ಪತ್ರ ಬಂದವು. ಪ್ರಬಂಧ ತಿರಸ್ಕೃತವಾದ ಕಾರಣ ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ ಎಂದು ಮೊದಲನೆಯದು. ವಿಮರ್ಶಕರಾಗಿ ತಾವು ತೋರಿದ ನಿಷ್ಠುರ ವಿದ್ವತ್ತನ್ನು ಮೆಚ್ಚಿ, ಸದರಿ ತೆರವಾದ ಸ್ಥಾನಕ್ಕೆ ತಮ್ಮನ್ನು ನೇಮಿಸಲಾಗಿದೆ, ತಾತ್ಕಾಲಿಕವಾಗಿ, ಎಂದು ಎರಡನೆಯದು. ನಾಲ್ಕು ಗಂಟೆಗೆ ಬೀಳ್ಕೊಡುಗೆ, ಐದಕ್ಕೆ ಸ್ವಾಗತ ಸಮಾರಂಭ ನಡೆಯಿತು. ಎರಡಕ್ಕೂ ಮಾಲೆ ಒಂದೇ. ಪ್ರಿನ್ಸಿಪಾಲರು ಹೊಸಬರಿಗೆ, ಹಿಂದಿನವರ ಹಾಗೆ ಆಗಬೇಡಿ ಎಂದು ಬುದ್ಧಿ ಹೇಳಿದರು. ಬಸವಂತರಾಯರು ಆಗಲಿ ಎಂದರು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಲಕ್ಷ್ಮವ್ವ ಕೇಳಿದಳು: "ಅಂದ್ರ, ಖಾಯಂ ಆತೇನ್ರಿ?"

"ಇಲ್ಲ. ಮತ್ತ ಮೊದಲಿಂದ ಆರು ವರ್ಷ. ಮತ್ತೊಂದು ಪ್ರಬಂಧ."

ಲಕ್ಷ್ಮವ್ವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ನಿಮ್ಮ ಕೊಡ ನೀವ ಎತ್ತೀರಿ. ಇನ್ನ ಬಾಲಕ್ಕ ಹೋಗ್ರಿ," ಎಂದು ಕೈಯಲ್ಲಿದ್ದ ಖಾಲಿ ಕೊಡ ಅವರಿಗೆ ಕೊಟ್ಟಳು. ಬಸವಂತರಾಯರು ಸಾಲಿನ ಕೊನೆಗೆ ಹೋಗಿ ಅದನ್ನಿಟ್ಟು, ಪಕ್ಕದಲ್ಲಿ ನಿಂತರು.